ಹನ್ನೊಂದು ಮುಚ್ಚಳ

“ಏ ಮುದ್ಕಿ, ಬಗ್ಗಿ ಬಗ್ಗಿ ಏನೇ ಮೂಸ್ತಾ ಇದ್ದೀಯ? ಆ ತಗಡನ್ನೆಲ್ಲ ಲಾರಿಗೆ ಎಸಿ. ಹನ್ನೊಂದ್ ಗಂಟೆಗೆ ಸಾಹುಕಾರ್ರು ಬತ್ತಾರೆ.”

ಕೌಂಟಿ ಕಚೇರಿಯ ಮೇಸ್ತ್ರಿ ಹೋಲ್ಡನ್‌ಗೆ ಬೈಗುಳವೆಂದರೆ ಉಗುಳಿದಷ್ಟೇ ಸಲೀಸು. ಅರಿಜೋನಾದ ಆ ಗುಡ್ಡದ ತಾಮ್ರದ ಗಣಿ ಮುಚ್ಚಿ ಅರವತ್ತು ವರ್ಷವಾಗಿತ್ತು. ಗಣಿಯವರ ಕ್ಯಾಂಪ್ ಇದ್ದ ಜಾಗಕ್ಕೆ ಇದ್ದಕ್ಕಿದ್ದಂತೆ ಇತಿಹಾಸ ಬಂದು, ಮರದ ಫಲಕವೊಂದು ಎದ್ದು, ಅದಕ್ಕೆ ನೀಲಿ ಪರದೆಯೂ ಬಿದ್ದಿತ್ತು. ಮುಳ್ಳು ಸವರಲು ಎಲೋದಿಯಾಳನ್ನೂ ಅವಳ ಅಣ್ಣನ ಮಗ ಚೆಮಾನನ್ನೂ ದಿನಗೂಲಿಗೆ ಕರೆಸಿದ್ದರು. ಅವಳು ಹುಟ್ಟಿದ್ದೇ ಈ ಕ್ಯಾಂಪಿನಲ್ಲಿ. ಅದನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಮುಳ್ಳಿನಡಿ ಸಿಕ್ಕ ಆ ತಗಡುಗಳು ಬುತ್ತಿ ಡಬ್ಬಿಯ ಮುಚ್ಚಳಗಳು. ಸುರಂಗದ ಕತ್ತಲಲ್ಲಿ ಡಬ್ಬಿ ಅದಲುಬದಲಾಗದಿರಲಿ ಎಂದು ಮೆಕ್ಸಿಕೋದ ಕೂಲಿಗಳು ಮುಚ್ಚಳಕ್ಕೆ ಮೊಳೆಯಿಂದ ಚುಚ್ಚಿ ಹೆಸರು ಮೂಡಿಸುತ್ತಿದ್ದರು. ಬೆರಳಾಡಿಸಿದರೆ ಸಾಕು, ಯಾರ ರೊಟ್ಟಿ ಎಂದು ತಿಳಿಯುತ್ತಿತ್ತು. ಸತ್ತರೆ ಅದೇ ಮುಚ್ಚಳವನ್ನು ಗೋರಿಯ ಮರದ ಶಿಲುಬೆಗೆ ಮೊಳೆ ಹೊಡೆದು ಕೂರಿಸುತ್ತಿದ್ದರು. ಶಿಲುಬೆಗಳನ್ನು ಗೆದ್ದಲು ತಿಂದು ಮುಗಿಸಿತ್ತು, ಮುಚ್ಚಳಗಳು ಉಳಿದಿದ್ದವು.

ಒಂದರ ಮೇಲೆ ಅವಳ ಹೆಬ್ಬೆರಳು ನಿಂತಿತು. ಅದು ಅಪ್ಪನ ಹೆಸರು.

“ಸ್ವಾಮಿ, ಇವು ಗೋರಿ ಮ್ಯಾಲಿನ ಹೆಸ್ರು.”

“ಹೆಸ್ರಂತೆ. ಹೆಸ್ರೆಲ್ಲ ಫಲಕದಾಗವೆ. ಎಸಿ ಅಂದ್ರೆ ಎಸೀಬೇಕು, ಮುಂಡೆ.”

ಹೋಲ್ಡನ್ ಸಾಹುಕಾರರನ್ನು ಎದುರುಗೊಳ್ಳಲು ರಸ್ತೆಗೆ ಓಡಿದ. ಎಲೋದಿಯಾ ಪರದೆ ಎತ್ತಿದಳು.

“ಓದ್ಲಾ ಚೆಮಾ, ಕನ್ನಡಕ ತಂದಿಲ್ಲ.”

“ಮಾಲೀಕ ವಿಟ್‌ಲಾಕ್. ಮ್ಯಾನೇಜರ್ರು. ಪಾದ್ರಿ. ಆಮ್ಯಾಕೆ, ಹದಿಮೂರು ವರ್ಷ ಅದಿರು ಎಳೆದ ನಂಬಿಗಸ್ತ ಹೇಸರಗತ್ತೆ ಡೈಸಿ.”

“ನಮ್ಮೋರು?”

“‘ಮತ್ತು ಇತರರು’ ಅಂತ ಐತೆ, ಅತ್ತೆ.”

“ಕತ್ತೆ ಹೆಸ್ರು ಗೊತ್ತು ಬೋಳೀಮಕ್ಕಳಿಗೆ. ಸುತ್ತಿಗೆ ತಾ.”

“ಇವತ್ತಿನ ಕೂಲಿ ಹೋಯ್ತದೆ.”

“ಹೋಗ್ಲಿ. ಮೊಳೆನೂ ತಾ.”

ಹನ್ನೊಂದಕ್ಕೆ ಜನ ಸೇರಿದರು, ಪತ್ರಿಕೆಯವಳೊಬ್ಬಳು ಕ್ಯಾಮೆರಾ ಹಿಡಿದು ಮುಂದೆ ನಿಂತಳು. ಸಾಹುಕಾರ, ಅಂದರೆ ಮಾಲೀಕನ ಮೊಮ್ಮಗ, ಬಿಳಿ ಟೋಪಿ ಸರಿಮಾಡಿಕೊಂಡು, ತಾತ ಸುರಿಸಿದ ಬೆವರಿನ ಬಗ್ಗೆ ಕಾಲುಗಂಟೆ ಮಾತಾಡಿ ತಾನೂ ಬೆವರಿದ. ಚಪ್ಪಾಳೆ ಬಿತ್ತು. ಪರದೆ ಎಳೆದ.

ಫಲಕದ ತುಂಬ ತುಕ್ಕು ಹಿಡಿದ ಹನ್ನೊಂದು ಮುಚ್ಚಳ. ಮಾಲೀಕನ ಹೆಸರಿನ ಮೇಲೆ ಎಲೋದಿಯಾಳ ಅಪ್ಪ ಕೂತಿದ್ದ. ಡೈಸಿಯ ಸಾಲೊಂದು ಮಾತ್ರ ಹಾಗೇ ಇತ್ತು.

ಚಪ್ಪಾಳೆ ಅರ್ಧಕ್ಕೇ ನಿಂತಿತು. ಹೋಲ್ಡನ್ ಹಲ್ಲು ಕಡಿಯುತ್ತ ಅವಳ ಹತ್ತಿರ ಬಂದ.

“ಯಾರೇ ಮಾಡಿದ್ದು ಇದು?”

“ನಾನೇ. ಕತ್ತೇದೊಂದು ಬಿಟ್ಟಿವ್ನಿ. ಅದು ನಮ್ ಪೈಕಿ, ಗೇಯ್ದದೆ.”

“ಈಗ್ಲೇ ಕೀಳು.”

ಎಲೋದಿಯಾ ಸುತ್ತಿಗೆಯನ್ನು ಅವನತ್ತ ಚಾಚಿದಳು.

“ನೀನೇ ಕೀಳು. ಒಂದೊಂದ್ರ ಮ್ಯಾಲೂ ಬೆರಳಾಡ್ಸು, ಎಲ್ರಿಗೂ ಕೇಳೋ ಹಂಗೆ ಹೆಸ್ರು ಕೂಗು, ಆಮ್ಯಾಕೆ ಕೀಳು.”

ಪತ್ರಿಕೆಯವಳ ಕ್ಯಾಮೆರಾ ಹೋಲ್ಡನ್ ಕಡೆಗೆ ತಿರುಗಿತು. ಅವನ ಕೈ ಮುಂದೆ ಬರಲಿಲ್ಲ. ಎಲೋದಿಯಾ ಸುತ್ತಿಗೆ ಹಿಡಿದ ಕೈ ಇಳಿಸಲೂ ಇಲ್ಲ.