ಕೆಡದೆ ನಿಂತ ಗಾಡಿ

ಜನವರಿ ಬಂತೆಂದರೆ ಸಾಂತಿಯಾಗೋ ನಗರದಲ್ಲಿ ಬೇಸಿಗೆ, ಜನ ರಜೆಗೆ ದಕ್ಷಿಣದ ಸರೋವರಗಳ ಕಡೆ ಹೊರಡುತ್ತಾರೆ. ನಿದಿಯಾಳ ಸಂಸಾರವೂ ಹೊರಡುತ್ತದೆ. ಆದರೆ ಸರೋವರ ನೋಡಿ ಬಂದೆವೆಂದು ಅವಳು ಎದೆ ಮುಟ್ಟಿಕೊಂಡು ಹೇಳಲಾರಳು. ದಾರಿಯುದ್ದಕ್ಕೂ ಗಂಡ ರಿಗೊನ ನೆಂಟರು. ಒಬ್ಬೊಬ್ಬರ ಮನೆಯಲ್ಲೂ ಸಂಜೆ ಚಹಾಕ್ಕೆ ಕೂರಬೇಕು, ಬ್ರೆಡ್ಡು, ಚೀಸು, ಕೇಕು ತಿನ್ನಬೇಕು. ಸಾಕೆಂದರೆ ಮುಂದಿನ ವರ್ಷದವರೆಗೂ ಆಡಿಕೊಳ್ಳುತ್ತಾರೆ. ಎದ್ದು ಹೊರಡುವಷ್ಟರಲ್ಲಿ ಕತ್ತಲು. ಸರೋವರ ಕಾರಿನ ಕಿಟಕಿಯಲ್ಲಿ ಬಂದು ಕಿಟಕಿಯಲ್ಲೇ ಹೋಗುತ್ತದೆ.

ವರ್ಷವಿಡೀ ಸಲೂನಿನಲ್ಲಿ ನಿಂತು ಊರಿನವರ ಕೂದಲು ಕತ್ತರಿಸಿ ನಿದಿಯಾಳ ಕಾಲುಗಳು ಊದಿಕೊಂಡಿದ್ದವು. ಈ ಸಲ ರಾಂಕೊ ಸರೋವರದಲ್ಲಿ ಒಂದು ಮಧ್ಯಾಹ್ನ ಕಾಲು ಇಳಿಬಿಟ್ಟು ಕೂರದೆ ಮರಳುವುದಿಲ್ಲವೆಂದು ಹೊರಡುವ ಮೊದಲೇ ಹೇಳಿದ್ದಳು. ರಿಗೊ ಹೂಂ ಎಂದಿದ್ದ. ಅವನ ಹೂಂಗೇನು, ಕೇಳುವ ಮೊದಲೇ ಬರುತ್ತದೆ.

ಇವತ್ತು ಕೊನೆಯ ದಿನ. ಉಳಿದಿದ್ದದ್ದು ಸರೋವರದ ಮೇಲಿನ ಗುಡ್ಡದಲ್ಲಿದ್ದ ರಿಗೊನ ಸೋದರತ್ತೆ ಸುನಿಲ್ದಾ ಅವರ ಮನೆ. ಗಾಡಿ ಓಡಿಸುತ್ತಿದ್ದವಳು ನಿದಿಯಾ. ಸೊಂಟನೋವೆಂದು ರಿಗೊ ಪಕ್ಕದಲ್ಲಿ ತೂಕಡಿಸುತ್ತಿದ್ದ. ಹಿಂದೆ ಮಗಳು ಯಾಸ್ನಾ ಫೋನಿನಲ್ಲಿ ಮುಳುಗಿದ್ದಳು. ಅತ್ತೆಗೆಂದು ದಾರಿಯ ಚಿಯಾನ್ ಊರಿನಲ್ಲಿ ಕೊಂಡಿದ್ದ ಸಾಸೇಜಿನ ವಾಸನೆ ಕಾರಿನ ತುಂಬ. ನೀರು ಕಂಡದ್ದೇ ನಿದಿಯಾ ಗಾಡಿ ನಿಲ್ಲಿಸಿ, ಫೋನು ತೆಗೆದು ಮಾತು ರೆಕಾರ್ಡ್ ಮಾಡಿ ಕಳಿಸಿದಳು.

"ಅತ್ತೆ, ದಾರೀಲಿ ನಮ್ ಗಾಡಿ ಕೆಟ್ಟು ನಿಂತಿದೆ. ಇವತ್ತು ಬರೋಕಾಗಲ್ಲ. ಕಾಯ್ಬೇಡಿ."

ರಿಗೊನ ನಿದ್ದೆ ಹಾರಿತು. "ಅತ್ತೆಗೇ ಸುಳ್ಳು ಹೇಳ್ತೀಯಲ್ಲೇ!"

"ತಗೋ ಫೋನು. ನೀನೇ ನಿಜ ಹೇಳು."

ರಿಗೊ ಕೈ ಹಿಂದಕ್ಕೆಳೆದುಕೊಂಡ.

"ಅಮ್ಮ, ಸೂಪರ್," ಎಂದಳು ಯಾಸ್ನಾ. ಈ ಪ್ರವಾಸದಲ್ಲಿ ಅವಳು ಬಾಯಿಬಿಟ್ಟು ಆಡಿದ ಮೊದಲ ಒಳ್ಳೆಯ ಮಾತು ಅದು.

ನೀರು ಕೊರೆಯುತ್ತಿತ್ತು. ಬಂಡೆಯ ಮೇಲೆ ಕೂತು ಕಾಲು ಇಳಿಬಿಟ್ಟಾಗ ನಿದಿಯಾಳಿಗೆ ಅಳುವೇ ಬಂತು, ಅಷ್ಟು ದಣಿದಿದ್ದಳು.

ಆದರೆ ಅವಳು ಒಂದನ್ನು ಮರೆತಿದ್ದಳು. ಸಾಂತಿಯಾಗೋದಲ್ಲಿ ಗಾಡಿ ಕೆಟ್ಟಿದೆಯೆಂದರೆ ಜನ ಅಯ್ಯೋ ಪಾಪ ಎಂದು ಸುಮ್ಮನಾಗುತ್ತಾರೆ. ದಕ್ಷಿಣದಲ್ಲಿ ಹಗ್ಗ ಹಿಡಿದು ಬರುತ್ತಾರೆ. ಅತ್ತೆಯ ಮನೆಗೆ ಇರುವುದೂ ಈ ಒಂದೇ ರಸ್ತೆ.

ಹಾರನ್ ಕೇಳಿ ತಿರುಗಿದರೆ ಹಳೆಯ ಪಿಕಪ್ಪಿನಿಂದ ಸುನಿಲ್ದಾ ಅತ್ತೆ ಇಳಿಯುತ್ತಿದ್ದರು. ಸೊಂಟದಲ್ಲಿ ಅಡುಗೆಯ ಏಪ್ರನ್ನು ಹಾಗೇ ಇತ್ತು. ಹೆಗಲಿಗೆ ಗಾಡಿ ಎಳೆಯುವ ಹಗ್ಗ, ಕೈಯಲ್ಲಿ ಕೇಕಿನ ಬುಟ್ಟಿ. ರಿಗೊ ಓಡಿಹೋಗಿ ಬಾನೆಟ್ ಎತ್ತಿದ.

"ಮುಚ್ಚೋ ಅದನ್ನ, ಪೆದ್ದ," ಎಂದರು ಅತ್ತೆ.

ಭೂಮಿ ಬಾಯಿಬಿಡಬಾರದೆ ಅನ್ನಿಸಿತು ನಿದಿಯಾಳಿಗೆ. "ಗಾಡಿ ಕೆಟ್ಟಿಲ್ಲ ಅತ್ತೆ. ನಾನೇ ಸುಳ್ಳು ಹೇಳ್ದೆ. ಸಾಕಾಗಿ ಹೋಗಿತ್ತು."

ಅತ್ತೆ ಹಗ್ಗ ಕೆಳಗಿಟ್ಟರು. ಪಕ್ಕದಲ್ಲಿ ಕೂತು ಬೂಟು ಕಳಚಿ, ಕಾಲುಚೀಲ ಸುರುಳಿ ಸುತ್ತಿ ತೆಗೆದು ನೀರಿಗೆ ಕಾಲಿಟ್ಟರು. ಅವರ ಕಾಲುಗಳೂ ಊದಿಕೊಂಡಿದ್ದವು.

"ಬೇಸಿಗೇಲಿ ಈ ನೀರು ಮುಟ್ಟಿ ಎಷ್ಟ್ ವರ್ಷ ಆಯ್ತೋ," ಎಂದರು. "ಮನೆ ಮುಂದೇನೇ ಇದೆ, ಏನ್ ಬಂತು? ಇವತ್ತು ನೀವು, ನಾಳೆ ಒಸೋರ್ನೊದ ನೆಂಟ್ರು. ಬೆಳಿಗ್ಗೆಯಿಂದ ಒಲೆ ಮುಂದೆ ನಿಂತಿದ್ದೆ. ನೀವು ಬರಲ್ಲ ಅಂದಾಗ ಖುಷಿಯಾಯ್ತು ನೋಡು. ಆಮೇಲೆ ಪಾಪ ಅನ್ನಿಸಿ ಹಗ್ಗ ತಗೊಂಡ್ ಬಂದೆ."

ನಿದಿಯಾ ಅವರ ತೋಳು ಹಿಡಿದುಕೊಂಡಳು. ಇಷ್ಟು ವರ್ಷ ಮೇಜಿನ ಆಚೆ ಈಚೆ ಕೂತು ಇಬ್ಬರೂ ಒಬ್ಬರನ್ನೊಬ್ಬರು ದಣಿಸಿದ್ದೇ ಬಂತು.

ಬುಟ್ಟಿಯ ಕೇಕು ಅರ್ಧವಾಗಿತ್ತು. ಅತ್ತೆಯ ಫೋನು ಬಡಿದುಕೊಂಡಿತು: ಒಸೋರ್ನೊದವರು. ಅತ್ತೆ ಅದನ್ನು ನಿದಿಯಾಳ ಕೈಗೆ ತುರುಕಿದರು.

"ನಮ್ ಒಲೆ ಕೆಟ್ಟಿದೆ ಅಂತ ಹೇಳು. ನಿನ್ ದನಿ ಚೆನ್ನಾಗಿ ನಂಬೋ ಹಾಗಿದೆ."

"ಅವ್ರು ಒಲೆ ಹೊತ್ಕೊಂಡೇ ಬರ್ತಾರೆ ಅತ್ತೆ," ಎಂದ ರಿಗೊ.

"ತರ್ಲಿ ಬಿಡು," ಎಂದರು ಅತ್ತೆ, ನೀರಿನಿಂದ ಕಾಲು ತೆಗೆಯದೆ. "ಇಲ್ಲಿಗೇ ತರ್ಲಿ. ಅವ್ರೇ ಬೇಯಿಸ್ಲಿ."