ಎಲ್ಲರನ್ನೂ ಕೇಳಿ ಮಾಡಿದ ಯೋಜನೆ

ನಮ್ಮ ವಿಭಾಗದ ಮುಖ್ಯಸ್ಥ ಹಾಲ್ವರ್ ಯಾರ ಮನಸ್ಸನ್ನೂ ನೋಯಿಸುವವನಲ್ಲ. ಅವನ ಆ ಒಳ್ಳೆಯತನ ಒಬ್ಬಳಿಗೆ ಎಷ್ಟು ದುಬಾರಿಯಾಯಿತು ಎಂದು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಉತ್ತರ ಸ್ವೀಡನ್ನಿನ ವಿಶ್ವವಿದ್ಯಾಲಯವೊಂದರಲ್ಲಿ ಭಾಷಾ ವಿಭಾಗದ ಕಚೇರಿ ನೋಡಿಕೊಳ್ಳುವವಳು ನಾನು, ಗುನ್‌ಬೋರ್ಗ್. ಹಳೆಯ ಪ್ರೊಫೆಸರರು ನಿವೃತ್ತರಾದ ಮೇಲೆ ಅವರ ಜಾಗ ತುಂಬದೆ ಸಂಬಳದ ಹಣ ಹಾಗೇ ಉಳಿದು, ವಿಭಾಗದ ಹೆಸರಿನಲ್ಲಿ ಒಳ್ಳೆಯ ಇಡುಗಂಟು ಸೇರಿತ್ತು. ವಸಂತದಲ್ಲಿ ಮೇಲಿನವರಿಂದ ಅಪ್ಪಣೆ ಬಂತು. ಕೂಡಿಟ್ಟಿದ್ದನ್ನು ಯಾವುದಕ್ಕೆ ಬಳಸುತ್ತೀರಿ ಎಂಬ ಯೋಜನೆಯನ್ನು ಸೆಪ್ಟೆಂಬರ್ ಮುಗಿಯುವುದರೊಳಗೆ ಕೊಡಬೇಕು, ಕೊಡದಿದ್ದರೆ ಗಂಟು ವಿಶ್ವವಿದ್ಯಾಲಯದ ಪಾಲು.

ಹಾಲ್ವರ್‌ಗೆ ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇರಲಿಲ್ಲ. ನಮ್ಮಲ್ಲಿ ಮೈಲಿಸ್ ಎಂಬ ಅಧ್ಯಾಪಕಿ ಇದ್ದಳು, ಗಡಿಯಲ್ಲಿ ಹರಿಯುವ ತೋರ್ನೆ ಎಂಬ ಹೊಳೆಯ ಸೀಮೆಯವಳು. ಅಲ್ಲಿನ ಭಾಷೆಯನ್ನು ಕಲಿಸುವವಳು ನಮ್ಮಲ್ಲಿ ಅವಳೊಬ್ಬಳೇ. ಆದರೂ ವರ್ಷ ವರ್ಷವೂ ತಾತ್ಕಾಲಿಕ ನೇಮಕ. ಪ್ರತಿ ಬೇಸಿಗೆಯಲ್ಲೂ ಬಾಡಿಗೆ ಮನೆ ಇಟ್ಟುಕೊಳ್ಳಲೋ ಬಿಡಲೋ ಎಂದು ನನ್ನನ್ನು ಕೇಳುತ್ತಿದ್ದಳು. ಆ ಗಂಟಿನಿಂದ ಅವಳ ಕೆಲಸ ಕಾಯಂ ಮಾಡಬೇಕೆಂದು ಅವನು ನಿಶ್ಚಯಿಸಿದ.

ಆದರೆ ನಮ್ಮಲ್ಲಿ ಸಭೆಯಲ್ಲಿ ಯಾವುದೂ ತೀರ್ಮಾನವಾಗುವುದಿಲ್ಲ. ಮೊದಲೇ ಒಬ್ಬೊಬ್ಬ ಅಧ್ಯಾಪಕರ ಕೋಣೆಗೂ ಹೋಗಿ, ಕಾಫಿ ಕುಡಿದು, ಒಪ್ಪಿಸಿ ಬರಬೇಕು. ಸಭೆ ಬರೀ ತಲೆಯಾಡಿಸುವುದಕ್ಕೆ. ಹಾಲ್ವರ್ ಹೊರಟ. ವಿದ್ಯಾರ್ಥಿಗಳು ಕಡಿಮೆಯಾದರೆ ಗತಿಯೇನು ಎಂದು ಬಿರ್ಗರ್‌ಗೆ ಚಿಂತೆ. ಡಿಸಾಗೆ ಧ್ವನಿಮುದ್ರಣದ ಹೊಸ ಯಂತ್ರ ಬೇಕಿತ್ತು. ಬೇಡ ಎನ್ನಲಿಲ್ಲ, ಇನ್ನೊಮ್ಮೆ ಯೋಚಿಸೋಣ ಎಂದಳು. ಇನ್ನೊಮ್ಮೆ ಯೋಚಿಸುವಷ್ಟರಲ್ಲಿ ರಜೆ ಬಂದು ಎಲ್ಲರೂ ತಂತಮ್ಮ ಬೇಸಿಗೆ ಮನೆ ಸೇರಿದರು. ಆಗಸ್ಟ್‌ನಲ್ಲಿ ಮತ್ತೆ ಮೊದಲಿನಿಂದ ಕಾಫಿ.

"ಅಲ್ಲಯ್ಯಾ, ಮೈಲಿಸ್ ಕಿವಿಗೂ ಒಂದು ಮಾತು ಹಾಕಿಡು," ಅಂದೆ ನಾನು.

"ಕೂಸು ಹುಟ್ಟೋ ಮುಂಚೆ ಕುಲಾವಿ ಯಾಕೆ? ಆಸೆ ಹುಟ್ಟಿಸಿ ಆಮೇಲೆ ಆಗ್ಲಿಲ್ಲ ಅಂದ್ರೆ ಪಾಪ, ಎಷ್ಟು ನೊಂದ್ಕೋತಾಳೆ. ನೀನೂ ಬಾಯಿ ಬಿಡ್ಬೇಡ."

ಸೆಪ್ಟೆಂಬರ್ ನಡುವಿಗೆ ಬಿರ್ಗರ್ ಕೂಡ ಹೂಂ ಎಂದ. ಗುರುವಾರ ಸಭೆ. ಅಂದು ಬೆಳಿಗ್ಗೆ ಕಾಫಿ ಕೋಣೆಗೆ ಹೋದರೆ ಮೇಜಿನ ಮೇಲೆ ಹಸಿರು ಹೊದಿಕೆಯ ದೊಡ್ಡ ಕೇಕು. ನಮ್ಮಲ್ಲಿ ಸುದ್ದಿ ಇರುವವರೇ ಕೇಕು ತರಬೇಕು. ತಂದವಳು ಮೈಲಿಸ್. ನಾರ್ವೆಯ ಟ್ರೋಮ್ಸೊದಲ್ಲಿ ಕಾಯಂ ಕೆಲಸ ಸಿಕ್ಕಿದೆ, ನಿನ್ನೆ ಸಹಿ ಹಾಕಿ ಕಳಿಸಿದೆ ಎಂದಳು. ಹೇಳುವಾಗ ಮುಖದಲ್ಲಿ ಸಂತೋಷವೇನೂ ಇರಲಿಲ್ಲ.

ಹಾಲ್ವರ್ ತೊದಲುತ್ತ ಎಲ್ಲವನ್ನೂ ಹೇಳಿದ. ಗಂಟು ಅವಳಿಗೆಂದೇ ಇಟ್ಟದ್ದು, ಇವತ್ತೇ ತೀರ್ಮಾನವಾಗುವುದಿತ್ತು, ಎಲ್ಲರನ್ನೂ ಕೇಳಿ ಒಪ್ಪಿಸಿಯಾಗಿದೆ ಎಂದ.

ಮೈಲಿಸ್ ಚಾಕು ಕೆಳಗಿಟ್ಟಳು.

"ಎಲ್ಲರನ್ನೂ ಕೇಳಿದ್ರಿ. ನನ್ನನ್ನ ಯಾಕೆ ಕೇಳ್ಲಿಲ್ಲ ಹಾಲ್ವರ್? ಒಂದು ಮಾತು ಹೇಳಿದ್ರೆ ಇನ್ನೊಂದು ವರ್ಷ ಬೇಕಾದ್ರೂ ಕಾಯ್ತಿದ್ದೆ. ನನಗೆ ಹೋಗೋಕೆ ಇಷ್ಟಾನೇ ಇರ್ಲಿಲ್ಲ."

ಡಿಸಾ ಸುಮ್ಮನೆ ತಟ್ಟೆ ಹಂಚಿದಳು. ನಾನಂತೂ ಆ ಕೇಕನ್ನು ನುಂಗಲಾರದೆ ನುಂಗಿದೆ.

ಅವಳಿಲ್ಲದ ಮೇಲೆ ಯೋಜನೆಯನ್ನು ಹೊಸದಾಗಿ ಬರೆಯಬೇಕಾಯಿತು. ಅದಕ್ಕೂ ಎಲ್ಲರನ್ನೂ ಕೇಳಬೇಕಲ್ಲ! ಕೇಳಿ ಮುಗಿಯುವುದರೊಳಗೆ ಗಡುವು ದಾಟಿ ಗಂಟು ಕೈಬಿಟ್ಟಿತು. ಗಂಟು ಹೋದರೆ ಹೋಗಲಿ, ಮತ್ತೆ ಕೂಡುತ್ತದೆ. ಮೈಲಿಸ್‌ಳಂಥವಳು ಮತ್ತೆ ಎಲ್ಲಿ ಸಿಗುತ್ತಾಳೆ?

ಹೋದ ವಾರ ಹಾಲ್ವರ್ ನನ್ನ ಕೋಣೆಗೆ ಬಂದ. ತೋರ್ನೆ ಭಾಷೆ ಕಲಿಯಬೇಕೆಂದು ಒಬ್ಬ ಹುಡುಗಿ ಹೆಸರು ಕೊಟ್ಟಿದ್ದಾಳೆ, ಅವಳ ಅಜ್ಜಿಗೆ ಬೇರೆ ಭಾಷೆ ಬಾರದಂತೆ, ಏನು ಹೇಳಲಿ ಎಂದ.

"ಕಲಿಸೋರು ಇಲ್ಲ ಅಂತ ಇವತ್ತೇ ಹೇಳ್ಬಿಡು. ಅವಳನ್ನಾದ್ರೂ ಕಾಯಿಸ್ಬೇಡ."

ತಲೆಯಾಡಿಸಿ ಹೊರಟ. ಸ್ವಲ್ಪ ಹೊತ್ತಿಗೆ ಅವನು ಬಿರ್ಗರ್ ಕೋಣೆಯ ಬಾಗಿಲು ತಟ್ಟುವುದು ಕೇಳಿಸಿತು.