ಬಿಚ್ಚಿದ ತುರುಬು

“ಎದ್ದೇಳೇ ಮುಂಡೆ! ಕುಂಡಿ ಊರಕ್ಕೆ ಇದೇನು ನಿಮ್ಮತ್ತೆ ಮನೆ ಜಗಲಿನಾ?”

ಹೆರಿಗೆ ವಾರ್ಡಿನ ನೆಲ ಒರೆಸಿ ಆಗಷ್ಟೇ ಗೋಡೆಗೊರಗಿದ್ದ ಗೋವಿಂದಮ್ಮ ಮಂಡಿ ಹಿಡಿದುಕೊಂಡು ಎದ್ದಳು. ಬೈದವಳು ನರ್ಸಿಂಗ್ ಸೂಪರಿಂಟೆಂಡೆಂಟ್ ಶಶಿಕಲಾ. ನಂಗವಳ್ಳಿ ಕಡೆಯ ಕನ್ನಡದವಳು. ಆಡಳಿತವೆಲ್ಲ ತಮಿಳಿನಲ್ಲಿ, ಮೀಟಿಂಗು ಇಂಗ್ಲಿಷಿನಲ್ಲಿ, ಬೈಗುಳ ಮಾತ್ರ ತಾಯ್ನುಡಿಯಲ್ಲಿ. ಧರ್ಮಪುರಿ ಸೀಮೆಯ ಆ ಸರ್ಕಾರಿ ಆಸ್ಪತ್ರೆಯಲ್ಲಿ ಕನ್ನಡ ಉಳಿದಿದ್ದದ್ದು ಅಷ್ಟರಮಟ್ಟಿಗೆ.

ಅವಳು ಬಂದ ಮೇಲೆ ಕಸ ಗುಡಿಸುವ ಕಾಂಟ್ರಾಕ್ಟ್ ಹೆಂಗಸರು ಡ್ಯೂಟಿ ಮುಗಿಯುವವರೆಗೆ ಕೂರುವಂತಿರಲಿಲ್ಲ. ಹಿಂದಿದ್ದ ಸೂಪರಿಂಟೆಂಡೆಂಟ್ ಕಲೈಸೆಲ್ವಿ “ಕಣ್ಣು, ತಂಗಂ” ಎಂದು ಗಲ್ಲ ಸವರಿ, ತನ್ನ ಮನೆಯ ಪಾತ್ರೆಯನ್ನೂ ತೊಳೆಸಿಕೊಳ್ಳುತ್ತಿದ್ದಳು. ಇಬ್ಬರಲ್ಲಿ ಯಾರು ವಾಸಿ ಎಂಬ ಚರ್ಚೆ ಕಕ್ಕಸು ತೊಳೆಯುವಾಗ ನಡೆಯುತ್ತಿತ್ತು.

“ಆಯಮ್ಮ ಸಕ್ಕರೆ ಆಕಿ ಅರೀತಿದ್ಲು, ಈಯಮ್ಮ ಕಾರ ಆಕಿ ಅರೀತಾಳೆ,” ಎಂದಳು ಚಿನ್ನತಾಯಿ.

“ಏನಾರ ಆಕ್ಲಿ, ಕುಂತ್ಕಳಕ್ ಬಿಟ್ರೆ ಸಾಕು. ಮಂಡಿ ಒಳ್ಗೆ ಯಾರೋ ರಾಗಿ ಬೀಸ್ತಾವ್ರೆ ಕಣೇ,” ಎಂದಳು ಗೋವಿಂದಮ್ಮ.

ಒಂದು ದಿನ ಚೆನ್ನೈನಿಂದ ಅಧಿಕಾರಿಗಳು ಬಂದರು. ಒಳ್ಳೆಯ ನಾಯಕತ್ವ ತೋರಿದ ನರ್ಸಿಗೆ ಪ್ರಶಸ್ತಿಯಂತೆ. ಶಶಿಕಲಾ ವಾರ್ಡಿನ ನಡುವೆ ಕುರ್ಚಿಯಲ್ಲಿ ಕೂತಳು. ಹೆಂಗಸರು ಗೋಡೆಗುಂಟ ನಿಂತರು.

“ಇವಂಗ ಎಲ್ಲಾಂ ಎನ್ ಪುಳ್ಳೈಂಗ ಸಾರ್,” ಎಂದು ಶಶಿಕಲಾ ಕರಗಿಹೋದಳು. ಇವರೆಲ್ಲ ತನ್ನ ಮಕ್ಕಳಂತೆ, ತಾನು ಅಧಿಕಾರಿಯಲ್ಲವಂತೆ, ತಾಯಿಯಂತೆ.

“ಅಪ್ಪಡಿಯಾಮ್ಮಾ?” ಅಧಿಕಾರಿಯೊಬ್ಬ ಗೋವಿಂದಮ್ಮನತ್ತ ತಿರುಗಿ ಕೇಳಿದ, ಹೌದೇ ಎಂದು.

ಗೋವಿಂದಮ್ಮನಿಗೆ ಹೊಗೆನಕಲ್ ಹತ್ತಿರದ ತನ್ನೂರು ನೆನಪಾಯಿತು. ಸಂಜೆಹೊತ್ತು ಅವ್ವ ಅವಳನ್ನು ಮೊಣಕಾಲ ನಡುವೆ ಕೂರಿಸಿಕೊಂಡು ಹೇನು ಕುಕ್ಕುತ್ತಿದ್ದಳು. ಅಂಥ ಸುಖವನ್ನು ಆಮೇಲೆ ಅವಳು ಕಂಡಿರಲಿಲ್ಲ.

“ಆಮಾ ಸಾರ್!” ಎಂದವಳೇ ನೆಟ್ಟಗೆ ಬಂದು, ಶಶಿಕಲಾಳ ಕಾಲ ಬುಡದಲ್ಲಿ ಬೆನ್ನು ಹಾಕಿ ಕೂತುಬಿಟ್ಟಳು. ತುರುಬು ಬಿಚ್ಚಿ, ತಲೆಯನ್ನು ಬಿಳಿ ಕೋಟಿನ ಮಡಿಲಿಗೆ ಒರಗಿಸಿದಳು.

“ಅವ್ವಾ, ತಲೆ ಒಂದೇ ನವೆ. ವಸಿ ನೋಡವ್ವಾ.”

“ಏಳೇ, ಏಳು…” ಹಲ್ಲುಗಳ ನಡುವಿನಿಂದ ಪಿಸುಮಾತು ಬಂತು.

“ಅಯ್ಯೋ, ಎತ್ತವ್ವ ಮಗ್ಳುನ್ನ ಎಬ್ಬುಸ್ತಾಳಾ?”

ಅಧಿಕಾರಿ ನಗುತ್ತಾ ಫೋಟೋ ತೆಗೆಯಲು ಫೋನ್ ಎತ್ತಿ ಹಿಡಿದ. ಚಿನ್ನತಾಯಿ ಬಕೆಟ್ ಕೆಳಗಿಟ್ಟು ಬಂದು ಗೋವಿಂದಮ್ಮನ ಪಕ್ಕ ಕೂತು ಕೂದಲು ಬಿಚ್ಚಿದಳು. ಆಮೇಲೆ ಇನ್ನೊಬ್ಬಳು, ಮತ್ತೊಬ್ಬಳು. ಬಾಣಂತಿಯರು ಹೊಲಿಗೆ ಹಾಕಿದ ಹೊಟ್ಟೆ ಒತ್ತಿಕೊಂಡು ನಕ್ಕರು.

ಈ ಹೆಂಗಸರಿಗೆ ಗ್ಲೌಸನ್ನೂ ದೂರದಿಂದ ಎಸೆದೇ ಕೊಡುತ್ತಿದ್ದ ಶಶಿಕಲಾಳ ಕೈ, ಗೋವಿಂದಮ್ಮನ ತಲೆಯ ಮೇಲೆ ಇಳಿಯಲೂ ಆಗದೆ ಹಿಂದೆ ಸರಿಯಲೂ ಆಗದೆ ಗಾಳಿಯಲ್ಲೇ ನಿಂತಿತ್ತು.

ಗೋವಿಂದಮ್ಮ ಕಣ್ಣು ಮುಚ್ಚಿ, ಎರಡೂ ಕಾಲು ನೀಡಿಕೊಂಡಳು.